ತಾರಸಿಯ ಹೊದಿಕೆ ಆರಿಸುವ ಮೊದಲು ವಾಟ ನೋಡಿ

ಮಾನ್ಯ ಸಂಪಾದಕರೇ,

ತಾರಸಿ ಸೋರತೊಡಗಿದ ಮನೆಯವರು ಮೊದಲು ಕೇಳುವುದು ‘ಯಾವ ಮೆಟೀರಿಯಲ್ ಒಳ್ಳೆಯದು’ ಎಂದು. ಅದನ್ನೇ ಕೇಳಿಕೊಂಡು ಮೂರು ವರ್ಷದಲ್ಲಿ ಎರಡು ಸಲ ಹಣ ಕಳೆದುಕೊಂಡ ನನಗೆ, ಆ ಪ್ರಶ್ನೆಗಿಂತ ಮುಂಚೆ ‘ನೀರು ಹರಿದುಹೋಗಲು ವಾಟ, ಅಂದರೆ ಇಳಿಜಾರು, ಸರಿಯಿದೆಯೇ’ ಎಂದು ಕೇಳಬೇಕು ಎಂಬುದು ತಿಳಿಯುವಷ್ಟರಲ್ಲಿ ಮಲಗುವ ಕೋಣೆಯ ಮೇಲ್ಗಾರೆ ಉದುರಲು ಶುರುವಾಗಿತ್ತು. ಅಂಥದೇ ಪರಿಸ್ಥಿತಿಯಲ್ಲಿರುವ ಓದುಗರಿಗೆ ಉಪಯೋಗವಾದೀತೆಂದು ಈ ಪತ್ರ ಬರೆಯುತ್ತಿದ್ದೇನೆ.

ಮೊದಲ ಸಲ ಬಳಿಸಿದ್ದು ಬಿಳಿಯ ಅಕ್ರಿಲಿಕ್ ಲೇಪನ. ಎರಡನೆಯ ಮಳೆಗೆ ಅದು ಒಂದು ಮೂಲೆಯಲ್ಲಿ ಗುಳ್ಳೆ ಎದ್ದಿತು. ಬೆರಳಿನಿಂದ ಎಳೆದರೆ ತೆಳುವಾದ ಸಿಪ್ಪೆಯಂತೆ ಬಿಚ್ಚಿಕೊಂಡು ಬಂತು, ಅದರ ಅಡಿಯಲ್ಲಿ ಸಿಮೆಂಟು ಒದ್ದೆಯಾಗಿ ಕಪ್ಪಗಿತ್ತು. ಕೆಲಸ ಮಾಡಿದವರು ಇನ್ನೆರಡು ಕೋಟ್ ಹಾಕಿದರೆ ಸರಿಹೋಗುತ್ತದೆ ಎಂದರು, ನಾನೂ ಒಪ್ಪಿದೆ. ಅದೂ ಎದ್ದು ಬಂದ ಮೇಲೆ ಕರೆಸಿದ ಹಿರಿಯ ಮೇಸ್ತ್ರಿಯೊಬ್ಬರು ಯಾವ ಡಬ್ಬದ ಹೆಸರನ್ನೂ ಹೇಳಲಿಲ್ಲ. ಮಳೆ ನಿಂತ ಮರುದಿನ ಬಂದು, ತಾರಸಿಯಲ್ಲಿ ನೀರು ನಿಂತಿದ್ದ ಜಾಗದ ಸುತ್ತ ಸೀಮೆಸುಣ್ಣದಿಂದ ಗೆರೆ ಎಳೆದು, ‘ಈ ಗೆರೆಯೊಳಗಿನ ನೀರು ಯಾವತ್ತು ಆರುತ್ತದೆ ನೋಡಿ ಹೇಳಿ’ ಎಂದು ಹೋದರು. ಮೂರನೆಯ ದಿನವೂ ಆರಿರಲಿಲ್ಲ. ಲೇಪನ ಎದ್ದ ಜಾಗವೆಲ್ಲ ಆ ಗೆರೆಯೊಳಗೇ ಇತ್ತು.

ಸಮತಟ್ಟು ಎಂದು ಕರೆದರೂ ತಾರಸಿ ನಿಜವಾಗಿ ಸಮತಟ್ಟಾಗಿರಬಾರದು. ಕೆಲಸ ಮುಗಿದ ಮೇಲೆ ನೀರು ಹೋಗುವ ಕೊಳವೆಯ ಕಡೆಗೆ ಮೀಟರಿಗೆ ಕನಿಷ್ಠ 12 ಮಿಲಿಮೀಟರಿನಷ್ಟಾದರೂ ವಾಟ ಉಳಿದಿರಬೇಕು. ಅಷ್ಟು ಉಳಿಯಬೇಕಾದರೆ, ಸ್ಲ್ಯಾಬು ಬಾಗುವುದನ್ನೂ ಕೆಲಸದಲ್ಲಿ ಆಗುವ ಏರುಪೇರನ್ನೂ ಲೆಕ್ಕಕ್ಕೆ ಹಿಡಿದು 25 ಮಿಲಿಮೀಟರ್ ಇಟ್ಟುಕೊಂಡೇ ಹೊರಡಬೇಕು. ಅಕ್ರಿಲಿಕ್ ಲೇಪನಗಳು ಸಾಮಾನ್ಯವಾಗಿ ನಿಂತ ನೀರನ್ನು ಬಹುಕಾಲ ತಾಳುವುದಿಲ್ಲ, ಮೆತ್ತಗಾಗಿ ಹಿಡಿತ ಬಿಡುತ್ತವೆ. ವಾಟ ಸರಿಯಿದ್ದ ತಾರಸಿಯಲ್ಲಿ ಅದೇ ಲೇಪನ ಚೆನ್ನಾಗಿ ಬಾಳಬಹುದಿತ್ತು ಎಂಬುದನ್ನು ನ್ಯಾಯವಾಗಿ ಹೇಳಲೇಬೇಕು.

ಎರಡನೆಯದು ಸ್ಲ್ಯಾಬಿನ ಚಲನೆ. 10 ಮೀಟರ್ ಉದ್ದದ ಕಾಂಕ್ರೀಟ್ ಸ್ಲ್ಯಾಬು 40 ಡಿಗ್ರಿ ಸೆಲ್ಸಿಯಸ್‌ನಷ್ಟು ಬಿಸಿಯ ಏರಿಳಿತಕ್ಕೆ ಸುಮಾರು 4 ಮಿಲಿಮೀಟರ್ ಹಿಗ್ಗಿ ಕುಗ್ಗುತ್ತದೆ. ಬಿರಿಯುವುದಾದರೆ ಅದು ಎಲ್ಲ ಕಡೆ ಸಮನಾಗಿ ಬಿರಿಯದೆ, ದುರ್ಬಲವಾದ ಒಂದೆರಡು ಕಡೆ ಕೂದಲೆಳೆಯಷ್ಟು ಬಾಯಿ ಬಿಟ್ಟು ಮತ್ತೆ ಮುಚ್ಚಿಕೊಳ್ಳುತ್ತಿರುತ್ತದೆ. ಆ ಬಿರುಕಿನ ಎರಡೂ ಅಂಚಿಗೆ ಗಟ್ಟಿಯಾಗಿ ಅಂಟಿಕೊಂಡ ತೆಳು ಲೇಪನ, ಅಷ್ಟೂ ಎಳೆತವನ್ನು ಕೂದಲೆಳೆಯಷ್ಟು ಅಗಲದಲ್ಲೇ ತಾಳಬೇಕಾಗಿ ಬಂದು ಹರಿಯುತ್ತದೆ. ಹಾಗಾಗಿ ಬಿರುಕಿನ ಮೇಲೆ ಮೊದಲು ಅಂಟದ ಪಟ್ಟಿಯೊಂದನ್ನು ಇಟ್ಟು, ಅದರ ಮೇಲೆ ಬಟ್ಟೆಯಂಥ ಜಾಲರಿ ಸೇರಿಸಿ ಬಳಿಯುವುದು ಸರಿಯಾದ ಕ್ರಮ. ಬರೀ ಸಿಮೆಂಟು ಗಾರೆಯನ್ನು ನೆಚ್ಚಿಕೊಂಡವರಿಗೆ ಈ ಚಲನೆಯೇ ಮೊದಲ ಶತ್ರು.

ಇಷ್ಟನ್ನು ಅರಿತ ಮೇಲೆ ಸಾಮಗ್ರಿಯ ಆಯ್ಕೆ ತಾನಾಗಿ ಸ್ಪಷ್ಟವಾಗುತ್ತದೆ. ಕಪ್ಪು ಇಪಿಡಿಎಂ ರಬ್ಬರ್ ಹಾಳೆ ಬಿಸಿಲಿಗೆ ಬೇಗ ಸೊರಗುವುದಿಲ್ಲ, ತನ್ನ ಉದ್ದದ ಹಲವು ಪಟ್ಟು ಹಿಗ್ಗಬಲ್ಲದು, ಸಣ್ಣ ತಾರಸಿಗಾದರೆ ಒಂದೇ ತುಂಡಾಗಿ ಹಾಸಬಹುದಾದ್ದರಿಂದ ನಡುವೆ ಸೇರುವೆಯೇ ಇರುವುದಿಲ್ಲ. ಆದರೆ ಎಣ್ಣೆ, ಗ್ರೀಸ್ ಬಿದ್ದರೆ ಕೆಡುತ್ತದೆ, ಮೊನಚಾದ ವಸ್ತುವಿಗೆ ತೂತಾಗುತ್ತದೆ. ಬಿಟುಮೆನ್ (ರಸ್ತೆಗೆ ಹಾಕುವ ಟಾರು) ಹಾಳೆ ಬಹಳ ಕಾಲದಿಂದ ಬಳಕೆಯಲ್ಲಿರುವ ನಂಬಿಕೆಯ ಸಾಮಗ್ರಿಯೇ ಹೌದು, ಆದರೂ ಬಿಸಿಲಿಗೆ ತೆರೆದಿಟ್ಟರೆ ಗಡುಸಾಗಿ ಬಿರಿಯುವುದರಿಂದ ಮೇಲೆ ಕಲ್ಲಿನ ಹರಳು ಹೊದಿಸಿದ ಹಾಳೆಯನ್ನೇ ತರಿಸಬೇಕು. ಮರದ ಹಲಗೆಯ ಛಾವಣಿಯ ಮೇಲೆ ಅದನ್ನು ಬೆಂಕಿಯ ಜ್ವಾಲೆಯಿಂದ ಅಂಟಿಸುವುದು ಅಪಾಯ. ಪೈಪು, ಕಂಬ, ಮೂಲೆಗಳು ತುಂಬಿರುವ ತಾರಸಿಗೆ ಹಾಳೆಗಿಂತ ಪಾಲಿಯುರೆಥೇನ್ ದ್ರವ ಲೇಪನವೇ ಮೇಲು ಎಂಬುದು ನನ್ನ ಅಭಿಪ್ರಾಯ, ಏಕೆಂದರೆ ಅದು ಎಂಥ ಸಂದಿಗೂ ಸೇರುವೆಯಿಲ್ಲದೆ ಹರಿದುಕೊಳ್ಳುತ್ತದೆ. ಫೈಬರ್‌ಗ್ಲಾಸ್ ಗಟ್ಟಿಯಾದ್ದರಿಂದ ಓಡಾಟಕ್ಕೆ ಒಳ್ಳೆಯದು, ದೊಡ್ಡ ವಿಸ್ತಾರಕ್ಕೆ ಬಿರಿಯುವ ಭಯವಿದೆ. ಪಿವಿಸಿ ಹಾಳೆಯನ್ನು ಹಳೆಯ ಟಾರಿನ ಮೇಲೆ ನೇರವಾಗಿ ಹಾಸಬಾರದು. ನಡುವೆ ಬೇರ್ಪಡಿಸುವ ಪದರ ಬೇಕು.

ಲೇಪನವಾಗಲಿ, ಅಂಟಿಸುವ ಹಾಳೆಯಾಗಲಿ, ಕೆಳಗಿನ ಕಾಂಕ್ರೀಟ್ ಒಣಗಿರಬೇಕು. ಒಳಗಿನ ತೇವ ಬಿಸಿಲಿಗೆ ಆವಿಯಾಗಿ ಮೇಲಕ್ಕೆ ನೂಕುವುದರಿಂದಲೂ ಗುಳ್ಳೆಗಳು ಏಳುತ್ತವೆ. ಇದನ್ನು ನೋಡಲು ಯಂತ್ರ ಬೇಕಿಲ್ಲ: ಸುಮಾರು 45 ಸೆಂಟಿಮೀಟರ್ ಚೌಕದ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯ ನಾಲ್ಕೂ ಅಂಚನ್ನು ಟೇಪಿನಿಂದ ನೆಲಕ್ಕೆ ಅಂಟಿಸಿ, 16 ಗಂಟೆ ಬಿಟ್ಟು ಎತ್ತಿ ನೋಡಿದಾಗ ಅಡಿಯಲ್ಲಿ ಹನಿ ಕಟ್ಟಿದ್ದರೆ ಅಥವಾ ಕಾಂಕ್ರೀಟ್ ಕಪ್ಪಾಗಿದ್ದರೆ ಇನ್ನೂ ಕಾಯಬೇಕು. ನಾವು ಹೀಗೆ ನೋಡಿದಾಗ ಮೊದಲ ಎರಡು ದಿನವೂ ಪ್ಲಾಸ್ಟಿಕ್‌ನ ಒಳಮೈ ತುಂಬ ಹನಿಗಳಿದ್ದವು.

ಗ್ಯಾರಂಟಿ ಎಷ್ಟು ವರ್ಷದ್ದು ಎಂಬುದರ ಮೇಲೆ ಮನೆಯವರು ತೀರ್ಮಾನ ಮಾಡುವುದು ನನಗೆ ಬೇಸರ ತರಿಸುವ ಸಂಗತಿ. ಹಾಳೆ ಕೆಟ್ಟರೆ ಹಾಳೆಯಷ್ಟನ್ನೇ ಕೊಡುವ ಗ್ಯಾರಂಟಿ ಕೂಲಿಯನ್ನೂ ಉದುರಿದ ಗಾರೆಯನ್ನೂ ತುಂಬಿಕೊಡುವುದಿಲ್ಲ. ಮೇಲಾಗಿ ನೀರು ಹೆಚ್ಚಾಗಿ ಇಳಿಯುವುದು ತಾರಸಿಯ ನಡುವಿನಿಂದಲ್ಲ, ಪ್ಯಾರಾಪೆಟ್ ಗೋಡೆ ಕೂಡುವ ಮೂಲೆಯಿಂದ, ಪೈಪಿನ ಬುಡದಿಂದ. ಹೊದಿಕೆ ಗೋಡೆಯ ಮೇಲೆ 150 ಮಿಲಿಮೀಟರಿನಷ್ಟಾದರೂ ಏರಬೇಕು. ಸಾಮಗ್ರಿ ಯಾವುದು, ಎಷ್ಟು ಪದರ, ಎಷ್ಟು ದಪ್ಪ, ಗೋಡೆಯ ಮೇಲೆ ಎಷ್ಟು ಎತ್ತರ ಎಂಬುದನ್ನೆಲ್ಲ ಕೆಲಸಕ್ಕೆ ಮುಂಚೆಯೇ ಗುತ್ತಿಗೆದಾರರಿಂದ ಬರೆಸಿಕೊಳ್ಳಬೇಕೆಂದು ಓದುಗರಲ್ಲಿ ವಿನಂತಿಸುತ್ತೇನೆ. ಕೊನೆಯ ಕಂತಿನ ಹಣ ಕೊಡುವ ಮೊದಲು ಕೊಳವೆಯ ಬಾಯಿ ಮುಚ್ಚಿಸಿ, 5 ಸೆಂಟಿಮೀಟರ್ ನೀರು ಕಟ್ಟಿ, 48 ಗಂಟೆ ಬಿಟ್ಟು ಕೆಳಗಿನ ಕೋಣೆಗಳನ್ನು ನೋಡಬೇಕು. ಅಷ್ಟು ನೀರು ಚದರ ಮೀಟರಿಗೆ 50 ಕಿಲೋ ಭಾರ ಹೇರುವುದರಿಂದ, ಹಳೆಯ ಅಥವಾ ಮರದ ಛಾವಣಿಯಾದರೆ ಎಂಜಿನಿಯರನ್ನು ಕೇಳದೆ ಈ ಪರೀಕ್ಷೆಗೆ ಕೈಹಾಕಬಾರದು.

ಇತಿ,
ಒಬ್ಬ ಓದುಗ