ತಾವುಲ್ ಚರ್ಚು: ಗೋಡೆ ಕತ್ತರಿಸಲಿಲ್ಲ, ಚಿತ್ರ ಸುಲಿದರು

ಮಾನ್ಯ ಸಂಪಾದಕರೇ,

ಸ್ಪೇನಿನ ಪಿರೆನೀಸ್ ಬೆಟ್ಟಸಾಲಿನ ತಾವುಲ್ ಊರಿನ ಸಂತ್ ಕ್ಲಿಮೆಂಟ್ ಚರ್ಚಿನ ಕುರಿತು ಭಾನುವಾರದ ಪುರವಣಿಯಲ್ಲಿ ಬಂದ ಬರಹದಲ್ಲಿ, ಕ್ರಿಸ್ತನ ಚಿತ್ರವನ್ನು ‘ಗೋಡೆಸಮೇತ ಕತ್ತರಿಸಿ ಬಾರ್ಸಿಲೋನಾಕ್ಕೆ ಒಯ್ದರು’ ಎಂದಿದೆ. ಗೋಡೆ ಈಗಲೂ ಅಲ್ಲೇ ಇದೆ. ಹೋದದ್ದು ಬಣ್ಣದ ತೆಳು ಪದರ.

ಚರ್ಚು ಚಿಕ್ಕದು. ರೊಮನೆಸ್ಕ್ (ಮಧ್ಯಯುಗದ ಯುರೋಪಿನ ಒಂದು ಕಟ್ಟಡಶೈಲಿ) ಎಂದೊಡನೆ ಕಲ್ಲಿನ ಕಮಾನು ಚಾವಣಿ ನೆನಪಾಗುತ್ತದೆ, ಆದರೆ ಇಲ್ಲಿರುವುದು ಮರದ ತೊಲೆಗಳ ಮೇಲೆ ಸ್ಲೇಟ್ ಕಲ್ಲು ಹೊದಿಸಿದ ಇಳಿಜಾರು ಮಾಡು. ಅದು ಗೋಡೆಗಳನ್ನು ಹೊರಕ್ಕೆ ಅಷ್ಟಾಗಿ ತಳ್ಳದ ಕಾರಣ ಒಳಗೆ ದುಂಡು ಕಂಬಗಳೇ ಸಾಕಾಗಿವೆ. 1123ರ ಡಿಸೆಂಬರ್ 10ರಂದು ಬಿಷಪ್ ರಾಮೋನ್ ಇದನ್ನು ಪ್ರತಿಷ್ಠಾಪಿಸಿದ ಸಂಗತಿಯನ್ನು ಒಂದು ಕಂಬದ ಮೇಲೆಯೇ ಬಣ್ಣದಲ್ಲಿ ಬರೆದಿದ್ದರು. ಅದೇ ಊರಿನ ಸಾಂತಾ ಮರಿಯಾ ಚರ್ಚಿನ ಪ್ರತಿಷ್ಠೆ ಮರುದಿನವೇ ನಡೆಯಿತು.

ಇನ್ನು ಸುಲಿದ ಬಗೆ. ಚಿತ್ರದ ಮೇಲೆ ಬಿಸಿ ವಜ್ರ (ಪ್ರಾಣಿಜನ್ಯ ಅಂಟು) ಬಳಿದು ಬಟ್ಟೆ ಅಂಟಿಸುತ್ತಾರೆ. ಒಣಗುವಾಗ ಅಂಟು ಕುಗ್ಗಿ, ಬಣ್ಣವನ್ನು ಗಾರೆಯಿಂದ ಎಳೆದುಕೊಳ್ಳುತ್ತದೆ. ಆಮೇಲೆ ಅಂಚಿಗೆ ಚಾಕು ಹಾಕಿ ಬಿಡಿಸಿ, ಸುರುಳಿ ಸುತ್ತಿ ಸಾಗಿಸುತ್ತಾರೆ. ಹೊಸ ಜಾಗದಲ್ಲಿ ಹಿಂಬದಿಯ ಗಾರೆಯನ್ನು ಕೆರೆದು ಬೇರೆ ಬಟ್ಟೆ ಅಂಟಿಸಿ, ಮುಂಬದಿಯ ಬಟ್ಟೆಯ ಅಂಟನ್ನು ಬಿಸಿನೀರಿನಿಂದ ಕರಗಿಸಿ ಬಟ್ಟೆ ತೆಗೆಯುತ್ತಾರೆ. ಗೋಡೆ ತೇವವಾಗಿದ್ದರೆ ಅಂಟು ಹಿಡಿಯುವುದಿಲ್ಲ. ಬಣ್ಣ ಗಾರೆಯೊಳಗೆ ಆಳವಾಗಿ ಇಳಿದಿದ್ದರೆ ಪದರ ಸೀಳಿ ಒಂದಷ್ಟು ಗೋಡೆಯಲ್ಲೇ ಉಳಿಯುತ್ತದೆ. ತಾವುಲ್‌ನಲ್ಲೂ ಉಳಿದಿದೆ. ಅದರ ಮೇಲೆ ಒಂದು ಕಾಲಕ್ಕೆ ನಕಲು ಚಿತ್ರ ಬಿಡಿಸಿದ್ದು ನಮ್ಮ ಮಟ್ಟಿಗೆ ತಪ್ಪು. ಈಗ ನಕಲಿಲ್ಲ, 2013ರಿಂದ ಚಿತ್ರವಿದ್ದ ಅರ್ಧ ಗುಮ್ಮಟದ ಮೇಲೆ ಪ್ರೊಜೆಕ್ಟರಿನ ಬೆಳಕಿನಲ್ಲಿ ಪೂರ್ತಿ ಚಿತ್ರ ಮೂಡಿಸುತ್ತಾರೆ.

ಬರಹಗಾರರು ಇದನ್ನು ‘ಲೂಟಿ’ ಎಂದಿದ್ದಾರೆ. ತಾವುಲ್ ಇರುವ ಕಾಟಲೋನಿಯಾ ಪ್ರಾಂತ್ಯದ್ದೇ ಆದ ಮುರ್ ಚರ್ಚಿನ ಚಿತ್ರಗಳು ಆಗಲೇ ಮಾರಾಟವಾಗಿದ್ದವು, ಮುಂದೆ ಅಮೆರಿಕದ ಬೋಸ್ಟನ್ ಸೇರಿದವು. ಆ ಭಯದಲ್ಲೇ 1919ರಿಂದ 1923ರವರೆಗೆ ತಾವುಲ್ ಇರುವ ಬೊಯಿ ಕಣಿವೆ ಮತ್ತು ಸುತ್ತಲಿನ ಚಿತ್ರಗಳನ್ನು ಬಾರ್ಸಿಲೋನಾದ ಮ್ಯೂಸಿಯಮ್ಮಿಗೆ ಸಾಗಿಸಿದರು.

ಆ ಮ್ಯೂಸಿಯಮ್ಮಿಗೆ ಹೋಗುವವರು ಚಿತ್ರದ ನೀಲಿಯನ್ನು ಹತ್ತಿರದಿಂದ ನೋಡಿ. ಅದು ದೂರದಿಂದ ತರಿಸಿದ ದುಬಾರಿ ಬಣ್ಣವಲ್ಲ, ಏರಿನೈಟ್ ಎಂಬ ಪಿರೆನೀಸಿನದೇ ಖನಿಜ. ಹೆಚ್ಚಿನವರು ಕ್ರಿಸ್ತನ ಮುಂದೆ ನಿಂತು ವಾಪಸಾಗುತ್ತಾರೆ. ಪಕ್ಕದಲ್ಲಿ ಬೈಬಲ್ ಕಥೆಯ ಭಿಕ್ಷುಕ ಲಾಜರನ ಹುಣ್ಣು ನೆಕ್ಕುತ್ತಿರುವ ನಾಯಿಯೂ ಇದೆ.

— ಭಿತ್ತಿಚಿತ್ರ ಸಂರಕ್ಷಕರು, ಮೈಸೂರು