ಎದುರು ಮನೆ ಪೋಪೋಗೆ, ಮತ್ತೆ ಇನ್ನೂ ಕೆಲವರಿಗೆ

ಹೋದ ವಾರ ನನಗೂ ನಮ್ಮ ಯಜಮಾನರಿಗೂ ಹಾಂಗ್‌ಕಾಂಗಿನ ಕಾಯಂ ನಿವಾಸಿ ಕಾರ್ಡು ಕೈಗೆ ಬಂತು. ಇಲ್ಲಿ ಸತತ 7 ವರ್ಷ ಇದ್ದವರಿಗೆ ಸಿಗುವಂಥದ್ದು. ಊರಿಗೆ ಫೋನ್ ಮಾಡಿ ಹೇಳಿದೆ, ಅಮ್ಮ "ಹಾಗಾದ್ರೆ ಇನ್ನು ಬರೋದಿಲ್ವಾ?" ಅಂದರು. ಅದನ್ನು ಇನ್ನೊಂದು ದಿನ ಬರೆಯುತ್ತೇನೆ. ಇವತ್ತು ಋಣದ ಲೆಕ್ಕ.

2018ರ ಆಗಸ್ಟಿನಲ್ಲಿ ಎರಡು ವರ್ಷದ ಮಗಳನ್ನು ಸೊಂಟದ ಮೇಲೆ ಹೊತ್ತು ಇಲ್ಲಿ ಇಳಿದೆ. ತೀರ್ಥಹಳ್ಳಿ ಕಡೆಯವಳಿಗೆ ಮನೆ ಅಂದರೆ ಮುಂದೆ ಅಂಗಳ, ಹಿಂದೆ ತೋಟ. ಇಲ್ಲಿಯ ಹಂಗ್ ಹೋಮ್ ಬಡಾವಣೆಯಲ್ಲಿ ಸಿಕ್ಕಿದ್ದು 18ನೇ ಮಹಡಿಯ 350 ಚದರಡಿ. ಅದೂ 18 ಅಂತ ಹೇಳೋದಷ್ಟೇ. ಅಶುಭ ಅಂತ ನಮ್ಮ ಲಿಫ್ಟಿನಲ್ಲಿ 4 ಇಲ್ಲ, 13 ಇಲ್ಲ, 14 ಇಲ್ಲ. ಅಡುಗೆಮನೆ ಕಿಟಕಿಯಲ್ಲಿ ನಿಂತರೆ ಎದುರು ಕಟ್ಟಡದವರ ಬಾಣಲೆಯಲ್ಲಿ ಏನು ಬೇಯುತ್ತಿದೆ ಅಂತ ಕಾಣುತ್ತಿತ್ತು. ಮನೆ ಕೊಡಿಸಿದ ದಲ್ಲಾಳಿ "ಸಮುದ್ರ ಕಾಣುತ್ತೆ" ಅಂದಿದ್ದ. ಕಾಣುತ್ತಿತ್ತು, ಬಚ್ಚಲ ಕಿಟಕಿಯಿಂದ ಕತ್ತು ಹೊರಳಿಸಿದರೆ. ಅವನಿಗೆ ಈ ಬರಹದಲ್ಲಿ ಜಾಗ ಇಲ್ಲ.

ಮೊದಲನೆಯದಾಗಿ, ಹೆಸರೇ ಗೊತ್ತಿಲ್ಲದ ಆ ಮಿನಿಬಸ್ ಡ್ರೈವರಣ್ಣನಿಗೆ. ನಮ್ಮಲ್ಲಿ ಕಂಡಕ್ಟರ್ "ಹೋಲ್ಡಾನ್" ಅಂತಾನೆ, ಬಸ್ಸು ನಿಲ್ಲುತ್ತೆ. ಇಲ್ಲಿಯ ಮಿನಿಬಸ್ಸಿಗೆ ಕಂಡಕ್ಟರ್ ಇಲ್ಲ, ಆಗ ನಾನು ಹತ್ತುತ್ತಿದ್ದುದರಲ್ಲಿ ಬೆಲ್ಲೂ ಇರಲಿಲ್ಲ. ಇಳಿಯುವವರೇ "ಯಾವ್ ಲೋಕ್, ಮ್‌ಗೋಯ್" ಅಂತ ಕೂಗಬೇಕಿತ್ತು. ಇಳಿಯೋರಿದ್ದೇವೆ, ದಯವಿಟ್ಟು ಅಂತ. ನಾಚಿಕೆಗೆ ನನ್ನ ಗಂಟಲು ಕಟ್ಟಿ, ದಿನಾ ಎರಡು ಸ್ಟಾಪು ಮುಂದೆ ಹೋಗಿ ಬೇರೆ ಯಾರೋ ಕೂಗಿದಾಗ ಇಳಿದು, ಮಗಳನ್ನು ಎತ್ತಿಕೊಂಡು ವಾಪಸ್ ನಡೆಯುತ್ತಿದ್ದೆ. ಇದನ್ನು ಕನ್ನಡಿಯಲ್ಲಿ ಗಮನಿಸಿದ್ದ ಒಬ್ಬ ಡ್ರೈವರ್ ಒಂದು ದಿನ ಸಿಗ್ನಲ್ಲಿನಲ್ಲಿ ತಿರುಗಿ ನನ್ನ ಕೈಲಿ ಮೂರು ಸಲ ಹೇಳಿಸಿದ. ಮೂರನೆಯ ಸಲಕ್ಕೆ ಹಿಂದಿನ ಸೀಟಿನವರೂ ದನಿಗೂಡಿಸಿದರು.

ಆಮೇಲೆ ನಮ್ಮ ಕಟ್ಟಡದ ಕಾವಲಿನ ಅಜ್ಜ. ಬಂದು ತಿಂಗಳಾಗಿರಲಿಲ್ಲ, ಮಾಂಗ್‌ಖುಟ್ ಚಂಡಮಾರುತ ಬಂತು. ಸೆಪ್ಟೆಂಬರ್ 16ರಂದು 10 ಗಂಟೆ ಕಾಲ 10ನೇ ನಂಬರಿನ ಚಂಡಮಾರುತ ಎಚ್ಚರಿಕೆಯ ಸಿಗ್ನಲ್. ಅದಕ್ಕಿಂತ ಮೇಲಿನದು ಇಲ್ಲ. ಹಿಂದಿನ ಸಂಜೆಯೇ ಅಜ್ಜ ಟೇಪಿನ ಸುರುಳಿ ಹಿಡಿದು ಬಂದು, ಗಾಜುಗಳಿಗೆಲ್ಲ ಅಡ್ಡಡ್ಡ ಅಂಟಿಸಿ, ಮಗುವಿನ ಹಾಸಿಗೆಯನ್ನು ಕಿಟಕಿಯಿಂದ ದೂರ ಎಳೆದು ಹೋದರು. ಮಲೆನಾಡಿನ ಮಳೆ ಕಂಡವಳು ನಾನು, ಆದರೂ ಕಮೋಡಿನ ನೀರು ತನ್ನಷ್ಟಕ್ಕೆ ತುಳುಕಾಡಿದಾಗಲೇ ಕಟ್ಟಡ ಓಲಾಡುತ್ತಿರುವುದು ಗೊತ್ತಾಗಿದ್ದು. ಮಾರ್ಚಿನಲ್ಲಿ ಗೋಡೆ, ನೆಲ ಬೆವರತೊಡಗಿ ರೇಷ್ಮೆ ಸೀರೆಗೆಲ್ಲ ಬೂಷ್ಟು ಹಿಡಿದಾಗಲೂ ಅಜ್ಜನೇ ಬೇಕಾಯಿತು. ನಾನು ಗಾಳಿಯಾಡಲಿ ಅಂತ ಕಿಟಕಿ ತೆಗೆದಿಡುತ್ತಿದ್ದೆ. ಆ ದಿನಗಳಲ್ಲಿ ಕಿಟಕಿ ಮುಚ್ಚಬೇಕಂತೆ, ತೇವ ತರುವುದೇ ತೆಂಕಣ ಗಾಳಿ.

ಚುಂಗ್‌ಕಿಂಗ್ ಮ್ಯಾನ್ಷನ್ಸ್ ಅನ್ನೋ ಕಟ್ಟಡದ ನೆಲಮಹಡಿಯ ಅಂಗಡಿಯಲ್ಲಿ ತೊಗರಿಬೇಳೆಯ ಜೊತೆ ಕರಿಬೇವು ಪುಕ್ಕಟೆ ಹಾಕುವವರಿಗೂ, ವಾನ್ ಚಾಯ್ ಗುರುದ್ವಾರದಲ್ಲಿ ಯಾರು ಏನು ಅಂತ ಕೇಳದೆ ಬಡಿಸಿದವರಿಗೂ: ನಿಮ್ಮ ಹೊಟ್ಟೆ ತಣ್ಣಗಿರಲಿ.

ಇನ್ನು ಪೋಪೋ. ಹಾಗಂದರೆ ಅಜ್ಜಿ. ಎದುರು ಬಾಗಿಲಿನವರು. ನಾವು ಮಾಂಸ ತಿನ್ನೋದಿಲ್ಲ ಅಂತ ಅವರಿಗೆ ತಿಳಿದದ್ದು ಅವರು ತಂದುಕೊಟ್ಟ ಹಂದಿಮಾಂಸದ ಬನ್ನು ವಾಪಸ್ ಹೋದಾಗ. ಬೇಜಾರು ಮಾಡಿಕೊಂಡರೇನೋ ಅಂದುಕೊಂಡೆ. ಆದರೆ ಚೀನೀ ಪಂಚಾಂಗದ ಒಂದನೇ ಮತ್ತು ಹದಿನೈದನೇ ದಿನ ಅವರೂ ಸಸ್ಯಾಹಾರಿ, ಈರುಳ್ಳಿ ಬೆಳ್ಳುಳ್ಳಿ ಸಹಿತ ಬಂದ್. ಲೆಕ್ಕ ಹಾಕಿದರೆ ನಮ್ಮ ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸು! ಅಂದಿನಿಂದ ಆ ಎರಡು ದಿನ ನಮ್ಮ ಮನೆಗೊಂದು ಬಟ್ಟಲು ತಪ್ಪಲಿಲ್ಲ.

2021ರ ಮೇ ತಿಂಗಳಲ್ಲಿ ಅಪ್ಪ ಹೋದರು. ಕೋವಿಡ್ ಕಾರಣಕ್ಕೆ ಭಾರತದಿಂದ ಬರುವ ವಿಮಾನಗಳನ್ನು ಇಲ್ಲಿ ನಿಲ್ಲಿಸಿದ್ದರು. ಹೊರಟರೆ ಮತ್ತೆ ಮಗಳ ಹತ್ತಿರ ಬರುವುದು ಯಾವಾಗ ಅನ್ನುವುದು ಯಾರಿಗೂ ತಿಳಿದಿರಲಿಲ್ಲ. ಅಪ್ಪನ ಕೊನೆಯ ಕಾರ್ಯವನ್ನು ಫೋನಿನಲ್ಲಿ ನೋಡಿದೆ, ಅದೂ ನೆಟ್‌ವರ್ಕ್ ಬಿಟ್ಟು ಬಿಟ್ಟು. ಎರಡನೆಯ ದಿನ ಪೋಪೋ ಬಾಗಿಲು ತಟ್ಟಿದರು. ಅಣಬೆ, ಸೋಯಾ ಹಾಲಿನ ಕೆನೆಪಟ್ಟಿ, ಗಾಜಿನ ಎಳೆಯಂಥ ಶಾವಿಗೆ. ಬಟ್ಟಲಿನಿಂದ ಹಬೆ ಏಳುತ್ತಿತ್ತು. ಅವತ್ತು ಅಮಾವಾಸ್ಯೆಯೂ ಅಲ್ಲ, ಹುಣ್ಣಿಮೆಯೂ ಅಲ್ಲ.

ನನಗೆ ಬಾಯಿಗೆ ಬಂದದ್ದು "ಮ್‌ಗೋಯ್". ಐದು ವರ್ಷದ ಮಗಳು ಸೆರಗು ಜಗ್ಗಿ, "ಅಮ್ಮಾ, ದೋಜೆ ಅನ್ನು" ಅಂದಳು. ಇಲ್ಲಿಯ ಭಾಷೆ ಕ್ಯಾಂಟನೀಸಿನಲ್ಲಿ ಎರಡು ಥ್ಯಾಂಕ್ಸ್ ಇವೆ. ಯಾರಾದರೂ ಬಾಗಿಲು ಹಿಡಿದರೆ, ಬಸ್ಸು ನಿಲ್ಲಿಸಿದರೆ ಮ್‌ಗೋಯ್, ದಯವಿಟ್ಟು ಅನ್ನೋದಕ್ಕೂ ಅದೇ. ಏನಾದರೂ ಕೈಗೆ ಕೊಟ್ಟರೆ ದೋಜೆ. ಮೂರು ವರ್ಷ ನಾನು ಪೋಪೋಗೆ ಬಸ್ ಡ್ರೈವರಿಗೆ ಹೇಳುವ ಥ್ಯಾಂಕ್ಸನ್ನೇ ಹೇಳಿಕೊಂಡು ಬಂದಿದ್ದೆ. ಪೋಪೋ ಒಂದು ಸಲವೂ ತಿದ್ದಿರಲಿಲ್ಲ.

ಕಾರ್ಡು ಬಂದ ಸಂಜೆ ಹೆಸರುಬೇಳೆ ಪಾಯಸ ಮಾಡಿ ಅವರ ಬಾಗಿಲು ತಟ್ಟಿದೆ. ಚಮಚ ಬಾಯಿಗಿಟ್ಟು "ತಾಯ್ ತಿಮ್" ಅಂದರು. ಸಿಹಿ ಜಾಸ್ತಿಯಂತೆ. ಬೆಳಿಗ್ಗೆ ನೋಡಿದರೆ ತೊಳೆದ ಬಟ್ಟಲು ನಮ್ಮ ಹೊಸಿಲ ಮೇಲಿತ್ತು, ಒಳಗೆ ಎರಡು ಕಿತ್ತಳೆ.