ಬಂಗುಡೆ ಬೆನ್ನಿನ ನೀಲಿ

ಚಿತ್ರಕಲಾ ಪರಿಷತ್ತಿನಲ್ಲಿ ಆರು ದಿನ ನಡೆದ ನನ್ನ ಪ್ರದರ್ಶನ ಭಾನುವಾರ ಸಂಜೆ ಮುಗಿಯಿತು. 26 ಚಿತ್ರ ತೂಗುಹಾಕಿದ್ದೆ, 11 ಹೋದವು. ಉಳಿದ ಹದಿನೈದನ್ನು ಹಳೇ ಬೆಡ್‌ಶೀಟಿನಲ್ಲಿ ಸುತ್ತಿ, ಗೂಡ್ಸ್ ಆಟೋಗೆ ಹಾಕಿಕೊಂಡು ಹನುಮಂತನಗರಕ್ಕೆ ತಂದು, ಎರಡು ಮಹಡಿ ಹತ್ತಿಸಿದ್ದಾಯಿತು. ಉದ್ಘಾಟನೆ ದಿನ ಕೈಗೆ ಮೈಕು ಕೊಟ್ಟಾಗ ಗಂಟಲು ಕಟ್ಟಿ, ‘ಎಲ್ಲರಿಗೂ ಥ್ಯಾಂಕ್ಸ್’ ಅಂದು ಇಳಿದುಬಿಟ್ಟಿದ್ದೆ. ‘ಎಲ್ಲರೂ ಅಂದರೆ ಯಾರು? ಹೆಸರು ಬೇಡ, ಯಾವ ಉಪಕಾರ ಅಂತಾದರೂ ಹೇಳಬಾರದಿತ್ತಾ’ ಅಂತ ಮನೆಯವಳು ಅವತ್ತಿನಿಂದ ಬೈಯುತ್ತಿದ್ದಾಳೆ. ಈ ಬರಹ ಆ ಬೈಗುಳದ ಫಲ.

ನಾನು ಗಂಗೊಳ್ಳಿ ಕಡೆಯವನು. ಬೆಂಗಳೂರಿಗೆ ಬಂದದ್ದು 1985ರಲ್ಲಿ. ಸಮುದ್ರಮಟ್ಟದಿಂದ 900 ಮೀಟರ್ ಮೇಲೆ, ಗಾಳಿಯಲ್ಲಿ ಉಪ್ಪೇ ಇಲ್ಲದ ಊರಲ್ಲಿ ಕೂತು ನಲವತ್ತು ವರ್ಷ ಕಡಲು ಬರೆದೆ. ಮೊದಮೊದಲು ಇದು ಮೋಸ ಅನ್ನಿಸುತ್ತಿತ್ತು. ಆಮೇಲೆ ಐವಾಜೋವ್‌ಸ್ಕಿಯ ಬಗ್ಗೆ ಓದಿದೆ. ಕಪ್ಪು ಸಮುದ್ರದ ದಡದ ಫಿಯೊಡೋಸಿಯಾದಲ್ಲಿ 1817ರಲ್ಲಿ ಹುಟ್ಟಿದವನು, ಸುಮಾರು 6000 ಚಿತ್ರ ಬರೆದವನು. ಕಡಲು ಬಾಗಿಲಾಚೆಗೇ ಇದ್ದರೂ ಅವನು ಅಲೆಗಳನ್ನು ಬರೆಯುತ್ತಿದ್ದದ್ದು ಕೋಣೆಯೊಳಗೆ, ನೆನಪಿನಿಂದ. ಓಡುವ ನೀರು ಕುಂಚಕ್ಕೆ ಕಾಯುವುದಿಲ್ಲವಲ್ಲ. ಅಷ್ಟು ದೊಡ್ಡವನೇ ಹಾಗೆ ಮಾಡಿದ್ದರೆ ನನ್ನದೇನು ಮಹಾ ಅಪರಾಧ ಅಂತ ಸಮಾಧಾನ ಮಾಡಿಕೊಂಡೆ.

ಹೊಟ್ಟೆಪಾಡು ಬೇರೆಯೇ ಇತ್ತು. ಗಾಂಧಿನಗರದಲ್ಲಿ ಸಿನಿಮಾ ಬ್ಯಾನರಿಗೆ ಚೌಕಳಿ ಎಳೆಯುವ ಹುಡುಗನಾಗಿ ಸೇರಿ, ನಾಯಕರ ಕೆನ್ನೆಗೆ ನೀಲಿ ನೆರಳು ಹಾಕುವಲ್ಲಿಗೆ ಬಡ್ತಿ ಸಿಕ್ಕಿತು. ರಸ್ತೆಯಾಚೆ ನಿಂತವನಿಗೂ ಕಾಣಬೇಕು ಅನ್ನುವ ಆ ಪಾಠವನ್ನು ಯಾವ ಕಾಲೇಜಿನಲ್ಲೂ ಹೇಳಿಕೊಡುವುದಿಲ್ಲ. ಫ್ಲೆಕ್ಸ್ ಬಂದಮೇಲೆ ಆ ಕೆಲಸವೂ ಹೋಯಿತು, ಮಕ್ಕಳಿಗೆ ಡ್ರಾಯಿಂಗ್ ಕ್ಲಾಸ್ ಶುರು ಮಾಡಿದೆ. ಕಡಲಿಂದ ಮನೆ ನಡೆದ ದಿನಗಳನ್ನೆಲ್ಲ ಒಟ್ಟುಗೂಡಿಸಿದರೆ ಐದು ವರ್ಷ ಆದೀತು. ಮಿಕ್ಕ ಮೂವತ್ತೈದು ನಡೆದದ್ದು ಹೆಂಡತಿಯ ಮೇಷ್ಟ್ರು ಸಂಬಳದಲ್ಲಿ. ಇದನ್ನು ಇಲ್ಲಿ ಬರೆಯಬೇಡಿ ಅಂದಿದ್ದಳು. ಬರೆದಿದ್ದೇನೆ.

ಬೆಂಗಳೂರಿನವರಿಗೆ ಕಡಲಿಗಿಂತ ಮರ ಇಷ್ಟ. ಮನೆ ಬಾಡಿಗೆ ಹತ್ತಿರ ಬಂದಾಗಲೆಲ್ಲ ನಾನು ಲಾಲ್‌ಬಾಗಿಗೆ ಓಡಿದ್ದೇನೆ. ಫೆಬ್ರವರಿ, ಮಾರ್ಚಲ್ಲಿ ಹಳದಿ ಟಬೂಬಿಯಾ, ಆಮೇಲೆ ಜಕರಂಡ, ಏಪ್ರಿಲ್ ಕಳೆಯುವ ಹೊತ್ತಿಗೆ ಗುಲ್‌ಮೊಹರ್. ಈ ದಾರಿ ಹಾಕಿಕೊಟ್ಟವರು ರುಮಾಲೆ ಚನ್ನಬಸವಯ್ಯನವರು (1910–1988). ಊರಿನ ಹೂಮರಗಳ ಎದುರಿಗೇ ನಿಂತು ಬರೆದ ಅವರ ಚಿತ್ರ ನೋಡಿದಮೇಲೆಯೇ ನಾನು ಮರದ ನೆರಳಲ್ಲಿ ನೇರಳೆ ಹುಡುಕಲು ಕಲಿತದ್ದು. ಕಸ್ತೂರಬಾ ರಸ್ತೆಯ ಗ್ಯಾಲರಿಯಲ್ಲಿ ವೆಂಕಟಪ್ಪನವರ ಊಟಿಯ ಜಲವರ್ಣಗಳೆದುರು ನಿಂತು ಊಟದ ಹೊತ್ತು ಮೀರಿಸಿದ ದಿನಗಳಿಗೆ ಲೆಕ್ಕವಿಲ್ಲ. ಮಂಜು ಅಂದರೆ ಬಿಳಿ ಬಣ್ಣವಲ್ಲ, ಕಾಗದವನ್ನು ಎಲ್ಲಿ ಮುಟ್ಟದೆ ಬಿಡಬೇಕು ಅನ್ನುವ ತಿಳಿವಳಿಕೆ ಅಂತ ಗೊತ್ತಾದದ್ದು ಅಲ್ಲಿ. ಲಾಲ್‌ಬಾಗಿನ ಬಂಡೆಗೂ ಒಂದು ನಮಸ್ಕಾರ ಸಲ್ಲಬೇಕು. ಸುಮಾರು 300 ಕೋಟಿ ವರ್ಷದಿಂದ ಅಲುಗಾಡದೆ ಕೂತಿದೆ, ಅಲೆಯ ಹಾಗೆ ಆಟ ಆಡಿಸುವುದಿಲ್ಲ.

ಕಡಲಿಗೆ ಮಾತ್ರ ವರ್ಷಕ್ಕೊಮ್ಮೆ, ಜುಲೈನಲ್ಲಿ ಹೋಗುತ್ತೇನೆ. ಜೂನ್ 1ರಿಂದ ಜುಲೈ 31ರ ತನಕ ಯಾಂತ್ರಿಕ ಮೀನುಗಾರಿಕೆ ನಿಷೇಧ. ದೊಡ್ಡ ಬೋಟುಗಳೆಲ್ಲ ಬಂದರಿನಲ್ಲಿ ಒತ್ತೊತ್ತಾಗಿ ನಿಂತಿರುತ್ತವೆ, ಕಡಲಲ್ಲಿ ಏನಿದ್ದರೂ ನಾಡದೋಣಿ. ಒಮ್ಮೆ ನನ್ನ ಚಿತ್ರ ನೋಡಿದ ಮೀನುಗಾರ ಖಾರ್ವಿ ಸಮುದಾಯದ ಹಿರಿಯರೊಬ್ಬರು, ‘ದೋಣಿ ಅಲೆಗೆ ಅಡ್ಡ ನಿಂತಿತ್ತಲೆ ಮಾರಾಯ, ಇದ್ರಗೆ ಇಪ್ಪ್ ನಾಲ್ಕ್ ಜನವೂ ಸತ್ರ್’ ಅಂದರು. ಅವತ್ತೇ ಆ ನಾಲ್ವರನ್ನು ಉಳಿಸಿದೆ, ದೋಣಿಯ ಮೂತಿಯನ್ನು ಅಲೆಗೆ ತಿರುಗಿಸಿ. ಆ ಹಿರಿಯರು ಈಗಿಲ್ಲ. ನನಗೆ ಸಿಕ್ಕಿದ ವಿಮರ್ಶೆಗಳಲ್ಲಿ ಅಷ್ಟು ಉಪಯೋಗಕ್ಕೆ ಬಂದದ್ದು ಇನ್ನೊಂದಿಲ್ಲ.

ಆ ಮಳೆಯಲ್ಲಿ ಬಣ್ಣ ಹಾಕಲಾಗುವುದಿಲ್ಲ. ಕಾಗದ ಒಣಗದು, ಎರಡು ದಿನಕ್ಕೆ ಬೂಷ್ಟು. ಹಾಗಾಗಿ ಪೆನ್ಸಿಲಿನಲ್ಲಿ ಗೆರೆ ಎಳೆದುಕೊಂಡು ಬಣ್ಣದ ಜಾಗದಲ್ಲಿ ಮಾತು ಬರೆಯುವುದು ನನ್ನ ರೂಢಿ. ಟ್ಯೂಬಿನ ಹೆಸರು ಬರೆದರೆ ಪ್ರಯೋಜನವಿಲ್ಲ, ಅದು ಅಂಗಡಿಯ ಬಣ್ಣ. ನನ್ನ ಪುಸ್ತಕದಲ್ಲಿರುವುದು ಹೀಗೆ: ‘ಅಳಿವೆ ಬಾಯಿ, ಬೆಲ್ಲದ ಕಾಫಿ, ಹಾಲು ಕಮ್ಮಿ.’ ‘ಒಡೆಯುವ ಅಲೆಯ ತಲೆ, ಎಳೆ ಬಾಳೆಲೆಯನ್ನು ಬಿಸಿಲಿಗೆ ಹಿಡಿದ ಹಾಗೆ.’ ನೀರು ಅಲ್ಲಿ ತೆಳ್ಳಗಿರುತ್ತದೆ, ಬೆಳಕು ಆಚೆಯಿಂದ ತೂರಿ ಬರುತ್ತದೆ. ‘ನೊರೆಯ ನೆರಳು, ಕುಚ್ಚಲಕ್ಕಿ ಗಂಜಿಯ ತಿಳಿ.’ ‘ದೂರ, ಮಳೆ ಬಿಟ್ಟಮೇಲೆ, ಬಂಗುಡೆ ಬೆನ್ನು.’

ಈ ಪುಸ್ತಕಗಳು ಮುಂದೊಂದು ದಿನ ನನ್ನನ್ನು ಕಾಯುತ್ತವೆ ಅಂತ ಬರೆಯುವಾಗ ಗೊತ್ತಿರಲಿಲ್ಲ.

ಮೂರು ವರ್ಷದ ಹಿಂದೆ, ನಾನು ಮಧ್ಯಾಹ್ನ ಅಂತ ಬರೆದ ಮರವಂತೆಯನ್ನು ನೋಡಿ ಗೆಳೆಯರೊಬ್ಬರು ‘ಸಂಜೆ ಚೆನ್ನಾಗಿ ಬಂದಿದೆ’ ಅಂದರು. ಮರ್ಯಾದೆಗೆ ಸುಮ್ಮನಾದೆ. ಕನ್ನಡಕದ ಅಂಗಡಿಯೊಂದರಲ್ಲಿ ಒಂದೇ ವರ್ಷದಲ್ಲಿ ಮೂರು ಸಲ ನಂಬರ್ ಬದಲಿಸಿ ಮೂರು ಸಲ ದುಡ್ಡು ತೆಗೆದುಕೊಂಡರು. ಪೊರೆ ಬಂದಿರಬಹುದು, ಡಾಕ್ಟರಿಗೆ ತೋರಿಸಿ ಅನ್ನುವ ಮಾತು ಒಮ್ಮೆಯೂ ಬರಲಿಲ್ಲ. ಕೊನೆಗೆ ಹಿಡಿದವಳು ಕೆಳಗಿನ ಮನೆಯ ಎಂಟನೇ ಕ್ಲಾಸಿನ ಹುಡುಗಿ, ನನ್ನ ಶಿಷ್ಯೆ. ‘ಅಂಕಲ್, ಆಕಾಶಕ್ಕೆ ಯಾಕೆ ಕಪ್ಪು ಹಾಕ್ತಿದ್ದೀರಾ?’ ಪ್ರಷ್ಯನ್ ಬ್ಲೂ ಅಂದುಕೊಂಡು ನಾನು ಒತ್ತಿದ್ದು ಪೇನ್ಸ್ ಗ್ರೇ ಟ್ಯೂಬನ್ನು.

ಕಣ್ಣಿನ ಮಸೂರ ಹಳದಿಯಾದರೆ ಮೊದಲು ಕಳೆಯುವುದು ನೀಲಿ ಅಂತೆ. ಕಡಲು ಬರೆಯುವವನಿಗೆ ಇನ್ನೇನು ಉಳಿಯಿತು? ಫ್ರಾನ್ಸಿನ ಚಿತ್ರಕಾರ ಮೋನೆಗೂ ಹೀಗೇ ಆಗಿ 1923ರಲ್ಲಿ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡನಂತೆ ಅಂತ ಧೈರ್ಯ ಹೇಳಿದವರಿದ್ದಾರೆ. ಅವನಿಗೆ ಬರೆಯಲು ಮನೆ ತೋಟದಲ್ಲೇ ಕೊಳ ಇತ್ತು ಸ್ವಾಮಿ. ಸಕ್ಕರೆ ಕಾಯಿಲೆ ಹತೋಟಿಗೆ ಬರಲಿಲ್ಲ, ಸಾಲದ್ದಕ್ಕೆ ನನಗೂ ಹೆದರಿಕೆ. ಅಂತೂ ಆಪರೇಷನ್ ಎರಡು ವರ್ಷ ಮುಂದಕ್ಕೆ ಹೋಯಿತು.

ಆ ಎರಡು ವರ್ಷ ನನ್ನ ಕಣ್ಣಾದವಳು ಆ ಹುಡುಗಿ. ಪ್ಲಾಸ್ಟರ್ ಪಟ್ಟಿ ಕತ್ತರಿಸಿ ಒಂದೊಂದು ಟ್ಯೂಬಿಗೂ ಮಾರ್ಕರಿನಲ್ಲಿ ದಪ್ಪಕ್ಷರದ ಹೆಸರು ಅಂಟಿಸಿದಳು. ನಾನು ಪುಸ್ತಕ ಓದುವುದು, ಅವಳು ಬಣ್ಣ ಕಲಸುವುದು. ಬಾಳೆಲೆ, ಗಂಜಿ, ಕಾಫಿ ಎಲ್ಲ ಸಲೀಸಾಗಿ ಬಂದವು. ಬಂಗುಡೆಗೆ ಬಂದು ನಿಂತಳು. ಅವರದು ಮೊಟ್ಟೆಯನ್ನೂ ಮುಟ್ಟದ ಮನೆ, ಅವಳು ಬಂಗುಡೆಯನ್ನು ನೋಡಿದ್ದೇ ಇಲ್ಲ. ಫೋನಿನಲ್ಲಿ ಫೋಟೋ ತೆಗೆದು ತೋರಿಸಿದಳು. ನನಗೆ ಎಲ್ಲ ಒಂದೇ ಬೂದಿ.

ಅವಳ ತಾಯಿಯನ್ನು ಕೇಳಿದೆ, ಅಳುಕುತ್ತಲೇ. ‘ತಿನ್ನೋದಕ್ಕಲ್ಲ ತಾನೆ, ಕರ್ಕೊಂಡು ಹೋಗಿ’ ಅಂದರು. ಬೆಳಿಗ್ಗೆ ಏಳಕ್ಕೆ ಬಣ್ಣದ ಡಬ್ಬಿ ಹಿಡಿದು ಮೀನಿನ ಅಂಗಡಿಗೆ ಹೋದೆವು. ಹುಡುಗಿ ಮೂಗಿಗೆ ಕರ್ಚೀಫು ಒತ್ತಿಕೊಂಡು ಬಾಗಿಲಲ್ಲೇ ನಿಂತಳು. ಅಂಗಡಿಯವರು ಮಲ್ಪೆ ಕಡೆಯವರು. ವಿಷಯ ಕೇಳಿ ನಗಲಿಲ್ಲ. ಮುಂದೆ ಜೋಡಿಸಿದ್ದನ್ನು ಬಿಟ್ಟು ಒಳಗಿನ ಪೆಟ್ಟಿಗೆಗೆ ಕೈ ಹಾಕಿ, ಐಸಿನಡಿಯಿಂದ ಒಂದನ್ನು ಎಳೆದರು. ‘ಇದು ರಾತ್ರಿ ಬಂದದ್ದು. ಎರಡು ದಿನ ಆದ್ರೆ ಬೆನ್ನು ಮಂಕಾಗ್ತದೆ, ಆ ಬಣ್ಣ ನಿಮಗೆ ಪ್ರಯೋಜನ ಇಲ್ಲ’ ಅಂದು, ಸ್ಟೀಲ್ ತಟ್ಟೆಯಲ್ಲಿಟ್ಟು ಬಾಗಿಲ ಬೆಳಕಿಗೆ ತಂದರು. ಹುಡುಗಿ ಕರ್ಚೀಫು ತೆಗೆದಳು. ಬೆನ್ನ ಮೇಲಿನ ಕಪ್ಪು ಗೀರು ಎಣಿಸಿದಳು. ಸೆರೂಲಿಯನ್ ನೀಲಿ ತೆಗೆದಳು, ಒಂದು ಚೂರು ವಿರಿಡಿಯನ್ ಹಸಿರು ಕೂಡಿಸಿದಳು, ಸಾಲಲಿಲ್ಲ, ಬರ್ನ್ಟ್ ಸಿಯೆನಾ ಕಂದಿನಲ್ಲಿ ಕುಂಚದ ತುದಿ ಮಾತ್ರ ಅದ್ದಿದಳು. ‘ಅಂಕಲ್, ಇದು ನೀಲಿನೂ ಅಲ್ಲ, ಹಸಿರೂ ಅಲ್ಲ, ತಿರುಗಿಸಿದ್ರೆ ಬದಲಾಗುತ್ತೆ.’ ಹೌದು ಮಗಾ, ಕಡಲೂ ಹಾಗೇ. ಅರ್ಧ ಗಂಟೆ ಗಿರಾಕಿಗಳು ನಮ್ಮನ್ನು ಸುತ್ತಿಕೊಂಡೇ ಹೋದರು. ಅಂಗಡಿಯವರು ಆ ಮೀನಿನ ದುಡ್ಡು ತೆಗೆದುಕೊಳ್ಳಲಿಲ್ಲ. ಮನೆಗೆ ತಂದು ಸಾರು ಮಾಡಿದೆವು, ಅದನ್ನು ಕೆಳಗಿನ ಮನೆಗೆ ಹೇಳಲಿಲ್ಲ.

ಕಳೆದ ವರ್ಷ ಬಲಗಣ್ಣಿನ ಆಪರೇಷನ್ ಆಯಿತು, ಐದು ವಾರ ಬಿಟ್ಟು ಎಡಗಣ್ಣಿನದು. ಮೇಜಿನ ಮೇಲೆ ಮಲಗಿದಾಗ ಮೇಲಿನ ದೀಪ ಒಡೆದು, ಕರಗಿ, ಗುಲಾಬಿಯಾಗಿ ನೀಲಿಯಾಗಿ ಅಲುಗಾಡಿತು. ನೀರಿನಡಿಯಿಂದ ಸೂರ್ಯನನ್ನು ನೋಡಿದ ಹಾಗೆ. ನನ್ನ ಕೈ ನಡುಗುತ್ತಿದ್ದದ್ದು ಕಂಡು ಅಷ್ಟೂ ಹೊತ್ತು ಹಿಡಿದುಕೊಂಡಿದ್ದ ನರ್ಸಮ್ಮ, ನಿಮ್ಮ ಮುಖ ನಾನು ನೋಡಲೇ ಇಲ್ಲ, ಮಾಸ್ಕ್ ಇತ್ತು. ಡಾಕ್ಟರಿಗೆ ಆಮೇಲೆ ಚಿತ್ರ ಕೊಟ್ಟೆ. ನಿಮಗೆ ಕೊಟ್ಟಿಲ್ಲ, ಬಾಕಿ ಇದೆ.

ನಡುವಿನ ಐದು ವಾರ ವಿಚಿತ್ರ. ಎಡಗಣ್ಣು ಮುಚ್ಚಿದರೆ ಕಾಗದ ಹೊಸ ಸುಣ್ಣದ ಗೋಡೆ, ಬಲಗಣ್ಣು ಮುಚ್ಚಿದರೆ ಅದೇ ಕಾಗದ ಅಜ್ಜನ ಕಾಲದ ಪಂಚಾಂಗ. ಒಂದು ಬೆಳಿಗ್ಗೆ ಹೆದರುತ್ತಲೇ ಆ ಎರಡು ವರ್ಷದ ಚಿತ್ರಗಳನ್ನು ಗೋಡೆಗೆ ಒರಗಿಸಿ ಹೊಸ ಕಣ್ಣಲ್ಲಿ ನೋಡಿದೆ. ಹುಡುಗಿ ಕಲಸಿದ ಜಾಗವೆಲ್ಲ ಸರಿ ಇತ್ತು. ‘ನನಗೆ ಗೊತ್ತು, ಇನ್ನೂ ಸ್ವಲ್ಪ ಹಾಕು’ ಅಂತ ಗುರುವಿನ ಗತ್ತಿನಲ್ಲಿ ನಾನು ಒತ್ತಾಯ ಮಾಡಿದ ಜಾಗಗಳಲ್ಲಿ ಕಡಲು ಶಾಯಿ ಚೆಲ್ಲಿದ ಹಾಗಿತ್ತು.

ಅಂಥ ನಾಲ್ಕನ್ನು ತಿದ್ದದೆ ಹಾಗೇ ತೂಗುಹಾಕಿದ್ದೆ. ಒಂದೇ ಕಡಲಿಗೆ ಎರಡು ನೀಲಿ ಯಾಕೆ ಅಂತ ಬಹಳ ಜನ ಕೇಳಿದಿರಿ. ಕಾರಣ ಇದು. ನಾಲ್ಕರಲ್ಲಿ ಮೂರು ಮಾರಾಟವಾದವು, ಆ ದುಡ್ಡಿನಲ್ಲಿ ಅರ್ಧ ಅವಳಿಗೆ. ಬೇಡ ಅಂದಳು, ಅವಳ ತಾಯಿಯ ಕೈಗೆ ಕೊಟ್ಟಿದ್ದೇನೆ. ಟ್ಯೂಬುಗಳ ಮೇಲಿನ ಪ್ಲಾಸ್ಟರ್ ಪಟ್ಟಿ ಈಗ ಬೇಕಾಗಿಲ್ಲ. ಆದರೂ ಹೊಸ ಟ್ಯೂಬ್ ತಂದಾಗ ಅಂಟಿಸಿ ಕೊಡುತ್ತಾಳೆ, ನಾನೂ ಬೇಡ ಅನ್ನುವುದಿಲ್ಲ.

ಕೊನೆಯ ದಿನ ಮಳೆಯಲ್ಲಿ ನೆನೆದುಕೊಂಡು ಬಂದು, 17ನೇ ನಂಬರಿನ ಚಿತ್ರಕ್ಕೆ ಎರಡು ಸಾವಿರ ಮುಂಗಡ ಕೊಟ್ಟು, ರಸೀದಿಯನ್ನೂ ತೆಗೆದುಕೊಳ್ಳದೆ ಬಸ್ಸು ಹಿಡಿಯಲು ಓಡಿದವರು ಯಾರೋ ಗೊತ್ತಾಗಲಿಲ್ಲ. ಅದು ಬಂಗುಡೆ ಬೆನ್ನಿನದೇ ಚಿತ್ರ. ಫ್ರೇಮಿನ ಒಂದು ಮೂಲೆ ಸಡಿಲವಾಗಿತ್ತು, ಬಿಗಿ ಮಾಡಿಸಿಟ್ಟಿದ್ದೇನೆ. ಪರಿಷತ್ತಿನ ಆಫೀಸಿನಲ್ಲಿ ನನ್ನ ನಂಬರ್ ಕೊಟ್ಟಿದ್ದೇನೆ, ಬಂದು ತೆಗೆದುಕೊಂಡು ಹೋಗಿ. ಜುಲೈ ಮೊದಲ ವಾರ ಮಾತ್ರ ಬರಬೇಡಿ, ಊರಿಗೆ ಹೋಗಿರುತ್ತೇನೆ.